ಗೋಧಿಯ ಜಿಗಿ

ಏಳು ವರ್ಷದ ತಂಗಿಗೆ ಗೋಧಿ ನಿಲ್ಲಿಸಿ ಎಂಟು ತಿಂಗಳಾಗಿತ್ತು. ಆಳಂದದ ನಮ್ಮ ಮನೆಯಲ್ಲಿ ಚಪಾತಿ, ರವೆ, ಬಿಸ್ಕೀಟು ಯಾವುದೂ ಇರಲಿಲ್ಲ. ಅಂಗಡಿಯ ಇಂಗಿನಲ್ಲೂ ಗೋಧಿಹಿಟ್ಟು ಬೆರೆಸಿರುತ್ತಾರೆಂದು ತಿಳಿದ ದಿನವೇ ಅದನ್ನೂ ಬಿಟ್ಟೆವು. ಅವಳು ತಿಂದದ್ದನ್ನು ತಾರೀಖು ಹಾಕಿ ಬರೆದಿಡುವುದು ನನ್ನ ಕೆಲಸ. ಆದರೂ ಕಲಬುರಗಿಯಲ್ಲಿ ಮಾಡಿಸಿದ ರಕ್ತಪರೀಕ್ಷೆಯ ಅಂಕಿ ಇಳಿದಿರಲಿಲ್ಲ, ತೂಕ ಏರಿರಲಿಲ್ಲ. ಎಲ್ಲಿಂದಲೋ ಗೋಧಿ ಹೊಟ್ಟೆ ಸೇರುತ್ತಿದೆ, ಹೀಗೇ ಆದರೆ ಕರುಳು ಮಾಯುವುದಿಲ್ಲ, ಹುಡುಗಿ ಬೆಳೆಯುವುದಿಲ್ಲ ಎಂದರು ಡಾಕ್ಟರು.

ತಂಗಿ ಹೊರಗೆ ಉಣ್ಣುವುದು ಸರಸಂಬಾದ ಆಯಿಯ ಮನೆಯಲ್ಲಿ ಮಾತ್ರ, ಭಾನುವಾರ. ಅವ್ವನ ತಾಯಿಯಾದ ಆಯಿಯನ್ನು ನಾವು ಅನುಮಾನಿಸಿರಲೇ ಇಲ್ಲ, ಭಾನುವಾರ ಏನು ಉಣಿಸಿದಳೆಂದು ಕೇಳಿ ಬರೆದಿರಲೂ ಇಲ್ಲ. ಗೋಧಿಯೊಳಗಿನ ಜಿಗಿ, ಆ ಅಂಟು, ಈ ಮಗುವಿಗೆ ಆಗುವುದಿಲ್ಲ ಎಂದು ಡಾಕ್ಟರು ಮೊದಲ ಸಲ ಹೇಳಿದಾಗ ಪಕ್ಕದಲ್ಲೇ ಕುಳಿತಿದ್ದವಳು ಅವಳು. ಅಂದಿನಿಂದ, ಅವೂ ಜಿಗಿಯೇ ಎಂದು, ತಂಗಿಯ ಅಡುಗೆಗೆ ಬೆಂಡೆಕಾಯಿ ಬಿಟ್ಟಳು, ಉದ್ದು ಬಿಟ್ಟಳು. ಬಿಸಿನೀರು ಹಾಕಿದರೆ ಜೋಳದ ಹಿಟ್ಟಿಗೂ ಜಿಗಿ ಬರುತ್ತದೆಂದು ತಣ್ಣೀರಲ್ಲಿ ಕಲಸಿ, ಸೀಳುಬಿಟ್ಟ ರೊಟ್ಟಿ ತಟ್ಟುತ್ತಿದ್ದಳು. ನಾವು ನಕ್ಕಿದ್ದೆವು.

ಆ ಭಾನುವಾರ ನಾನೂ ಅವ್ವನೂ ಜೊತೆಗೆ ಹೋದೆವು. ಆಯಿ ತಂಗಿಯ ತಟ್ಟೆಗೆ ಮಾದಲಿ ಹಾಕಿ ಹಾಲು ಸುರಿದಳು. ಗೋಧಿರೊಟ್ಟಿ ಕುಟ್ಟಿ ಬೆಲ್ಲ ಬೆರೆಸಿದ ಪುಡಿ ಅದು. ತಟ್ಟೆ ಕಿತ್ತುಕೊಂಡೆ.

"ಆಯಿ, ಇದು ಗೋಧಿ ಅಲ್ಲೇನ್ಬೇ?"

"ಗೋಧೀನ. ಆದ್ರ ಹೆಂಚಿನ ಮ್ಯಾಲ ಸುಟ್ಟು, ಒಣಗಿಸಿ, ಕುಟ್ಟೀನಿ. ಮುಟ್ಟಿ ನೋಡು, ಉದುರುದುರು ಅದ. ಜಿಗಿ ಸತ್ತು ಹೋಗ್ಯದ."

ಎಂದಿನಿಂದ ಕೊಡುತ್ತಿದ್ದೀ ಎಂದೆ. ಮೊದಲಿನಿಂದಲೂ, ಪ್ರತಿ ವಾರ ಎಂದಳು. ಸೊರಗಿದ ಕೂಸಿಗೆ ಗಟ್ಟಿಯಾದದ್ದು ಏನಾದರೂ ಬೇಡವೇ ಎಂದಳು.

ನಾನು ಹಿಡಿ ಗೋಧಿಹಿಟ್ಟು ಕಲಸಿ, ನೀರಿನಲ್ಲಿ ಹಿಚುಕಿ ಹಿಚುಕಿ ತೊಳೆದೆ. ಬಿಳಿ ನೀರೆಲ್ಲ ಹರಿದು ರಬ್ಬರಿನಂಥ ಉಂಡೆ ಉಳಿಯಿತು. ಇದೇ ಜಿಗಿ, ಸುಟ್ಟರೂ ಹೋಗುವುದಿಲ್ಲ ಎಂದೆ. ಆಯಿ ನಂಬಲಿಲ್ಲ. ಉಂಡೆಯನ್ನು ಚಪ್ಪಟೆ ಮಾಡಿ, ಹೆಂಚಿನ ಮೇಲೆ ಗಟ್ಟಿಯಾಗುವವರೆಗೆ ಸುಟ್ಟು, ನೀರಿಗೆ ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ತೆಗೆದು ಹಿಚುಕಿದಳು. ಬೆರಳುಗಳ ನಡುವೆ ಅದು ಕುಗ್ಗಿ ಮತ್ತೆ ಉಬ್ಬಿತು.

"ಸತ್ತಿಲ್ಲ ಇದು," ಎಂದಳು. ಆಮೇಲೆ ನನ್ನ ಮುಖ ನೋಡದೆ ಕೇಳಿದಳು, "ಆಕಿ ಕರಳು ಇನ್ನ ಮಾಯ್ತದೇನವ್ವಾ?"

ಇಂದಿನಿಂದ ಗೋಧಿ ಪೂರ್ತಿ ನಿಂತರೆ ಮಾಯುತ್ತದೆ ಎಂದೆ. ಆಯಿ ಮಾದಲಿಯ ಡಬ್ಬಿಯನ್ನು ತಾನೇ ಎತ್ತಿ ಅವ್ವನ ಕೈಗಿಟ್ಟಳು. ತಂಗಿಗೆ ಊಟ ಬಡಿಸಲು ಮಾತ್ರ ಅಂದು ಆಯಿಗೆ ಧೈರ್ಯವಾಗಲಿಲ್ಲ.