ಒಂಬತ್ತಿಂಚಿನ ಗೋಡೆ, ಎರಡು ಕಡ್ಡಿಯ ರೂಟರ್

ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂದದ್ದು ಎರಡು ಸಾವಿರದ ಇಸವಿ ಕಳೆದು ಏಳೆಂಟು ವರ್ಷಕ್ಕೆ. ಹುಲ್ಲಹಳ್ಳಿಯ ನಮ್ಮ ಬೀದಿಗೆ ಅದೇ ಮೊದಲು ಎಂದು ಅಪ್ಪ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು. ಅದು ಎರಡನೆಯದು ಎಂದು ನಾನು ತಿದ್ದಲು ಹೋಗಲಿಲ್ಲ. ಅಪ್ಪನನ್ನು ತಿದ್ದುವ ಕೆಲಸವನ್ನು ಅಮ್ಮನೇ ಕೈಬಿಟ್ಟು ಬಹಳ ಕಾಲವಾಗಿತ್ತು. ಫೋನಿನವರು ಕೊಟ್ಟುಹೋದ ಮೋಡೆಮ್ಮಿಗೆ ಇದ್ದದ್ದು ಮಾರುದ್ದದ ಒಂದೇ ಒಂದು ವೈರು, ಹಾಗಾಗಿ ಕಂಪ್ಯೂಟರು ಹಜಾರದ ಮೂಲೆ ಬಿಟ್ಟು ಅಲ್ಲಾಡುವಂತಿರಲಿಲ್ಲ. ವೈರಿಲ್ಲದೆ ಮನೆ ತುಂಬ ಇಂಟರ್‌ನೆಟ್ ಸಿಗುವ ಹಾಗೆ ಒಂದು ರೂಟರ್ ತರೋಣ ಎಂದು ನಾನು ಅಪ್ಪನ ಬೆನ್ನುಬಿದ್ದೆ. ನಿಜವಾಗಿ ನನಗೆ ಬೇಕಾಗಿದ್ದದ್ದು ಅದು ಗೋಡೆಯಾಚೆ, ಚಿಕ್ಕಪ್ಪನ ಮನೆಯಲ್ಲಿ ಸಿಗುವುದು. ಅದನ್ನು ಮಾತ್ರ ಬಾಯಿಬಿಡಲಿಲ್ಲ.

ಒಂದೇ ತೊಟ್ಟಿಮನೆಯನ್ನು ಅಪ್ಪ, ಚಿಕ್ಕಪ್ಪ ಪಾಲು ಮಾಡಿಕೊಂಡು ನಡುವೆ ಗೋಡೆ ಎಬ್ಬಿಸಿ ಹನ್ನೆರಡು ವರ್ಷವಾಗಿತ್ತು. ಗೋಡೆ ಒಂದು ಗೇಣು ತನ್ನ ಕಡೆಗೆ ಒತ್ತಿಕೊಂಡು ಬಂದಿದೆ ಎಂದು ಅಪ್ಪ. ಇಲ್ಲ, ತನ್ನ ಕಡೆಗೆ ಎಂದು ಚಿಕ್ಕಪ್ಪ. ಅಷ್ಟಕ್ಕೇ ಮಾತು ನಿಂತಿತ್ತು. ಮನೆ ಪಾಲಾದರೂ ತೀರಿಹೋದ ಹಿರಿಯರನ್ನು ಪಾಲು ಮಾಡುವಂತಿಲ್ಲವಲ್ಲ. ಅವರಿಗೆ ಎಡೆ ಇಡುವ ದಿನ, ವರ್ಷಕ್ಕೊಮ್ಮೆ, ಚಿಕ್ಕಪ್ಪ ನಮ್ಮ ಹಜಾರಕ್ಕೆ ಬಂದು ಅಪ್ಪನ ಪಕ್ಕದ ಎಲೆಗೇ ಕೂತು ಉಂಡು, ಕೈತೊಳೆದು, ತುಟಿ ಬಿಚ್ಚದೆ ಎದ್ದುಹೋಗುತ್ತಿದ್ದರು. ಇಬ್ಬರ ತಲೆಯನ್ನೂ ಹಿಡಿದು ಒಂದಕ್ಕೊಂದು ಕುಟ್ಟಬೇಕು ಎನಿಸುತ್ತಿತ್ತು ನನಗೆ.

ಇವರಿಬ್ಬರ ನಡುವೆ ನಲುಗುತ್ತಿದ್ದವಳು ಚಿಕ್ಕಪ್ಪನ ಮಗಳು, ನನಗೆ ತಂಗಿ. ಟೀಚರ್ ಟ್ರೈನಿಂಗ್ ಮುಗಿಸಿದ್ದಳು. ಹಿಂದಿನ ವರ್ಷ ಸರ್ಕಾರಿ ಶಾಲೆಯ ಕೆಲಸಕ್ಕೆ ಅರ್ಜಿ ಹಾಕಲು ನಂಜನಗೂಡಿನ ಬ್ರೌಸಿಂಗ್ ಸೆಂಟರಿಗೆ ಮೂರು ದಿನ ಓಡಾಡಿದ್ದಳು. ಕೊನೆಯ ದಿನ ಅರ್ಜಿ ಅರ್ಧ ತುಂಬಿದಾಗ ಕರೆಂಟು ಹೋಗಿ, ಅವಕಾಶವೇ ಕೈತಪ್ಪಿತ್ತು. ಈ ಸಲ ಮತ್ತೆ ಅರ್ಜಿ ಕರೆದಿದ್ದರು, ಇನ್ನೊಂದು ವಾರವಷ್ಟೇ ಉಳಿದಿತ್ತು. ಸೋದರಮಾವ ಬಳಸಿ ಕೊಟ್ಟ ಹಳೆಯ ಲ್ಯಾಪ್‌ಟಾಪ್ ಅವಳ ಹತ್ತಿರವಿತ್ತು. ನಮ್ಮ ಮನೆಗೆ ಬಂದು ಕೂತು ತುಂಬು ಎಂದರೆ ಅವಳು ಹೊಸಿಲು ದಾಟುತ್ತಿರಲಿಲ್ಲ.

ನಾನಾಗ ತಿ. ನರಸೀಪುರದ ಕಚೇರಿಯೊಂದರಲ್ಲಿ ಗುಮಾಸ್ತೆ. ನಮ್ಮ ಕಂಪ್ಯೂಟರುಗಳನ್ನು ರಿಪೇರಿ ಮಾಡುತ್ತಿದ್ದವನು ಅಲ್ಲೇ ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟಿದ್ದ. ಗುರುತಿನವರ ಹತ್ತಿರ ಅಲ್ಲದೆ ಅಪ್ಪ ಒಂದು ಬಲ್ಬನ್ನೂ ಕೊಂಡವರಲ್ಲ. ಹಾಗಾಗಿ ನಂಜನಗೂಡಿನಲ್ಲಿ ಬಸ್ ಬದಲಾಯಿಸಿಕೊಂಡು ನನ್ನ ಜೊತೆ ಅಷ್ಟು ದೂರ ಬಂದರು.

ಅಂಗಡಿಯವನು ಎರಡು ರೂಟರ್ ತೆಗೆದಿಟ್ಟ. ಒಂದಕ್ಕೆ ಒಂದು ಆಂಟೆನಾ ಕಡ್ಡಿ, ಇನ್ನೊಂದಕ್ಕೆ ಎರಡು. ಅಪ್ಪ ಆ ಕಡ್ಡಿಗಳನ್ನು ಹಾಗೂ ಹೀಗೂ ತಿರುಗಿಸಿ, ಸಂತೆಯಲ್ಲಿ ಎತ್ತಿನ ಕೊಂಬು ನೋಡುವ ಹಾಗೆ ನೋಡಿದರು.

"ಯಾವುದು ತಾಳಿಕೆ ಬತ್ತದೆ?"

"ತಾಳಿಕೆ ಎಲ್ಡೂ ಒಂದೇಯ ಯಜಮಾನ್ರೆ. ಮನೆ ಎಂಗದೆ ಅಂತ ನೋಡ್ಕಂಡು ತಕೋಬೇಕು. ಒಸಿ ಬರ್ದು ತೋರ್ಸಿ," ಎಂದು ಅವನು ರಟ್ಟಿನ ಚೂರು, ಪೆನ್ನು ಮುಂದಿಟ್ಟ.

ಅಪ್ಪ ಕನ್ನಡಕ ಏರಿಸಿಕೊಂಡು ಶುರುಮಾಡಿದರು. ಜಗಲಿ ಬಂತು, ಹಜಾರ ಬಂತು. ತೊಟ್ಟಿ, ಅದರ ನಾಲ್ಕು ಕಂಬ, ಅಡುಗೆಮನೆ, ಹಿತ್ತಲು, ಬಾವಿ. ಅವರು ಎಳೆದದ್ದು ಇಡೀ ಮನೆ, ತಾತ ಕಟ್ಟಿಸಿದ ಮನೆ. ನಡುವಿನ ಗೋಡೆ ಅದರಲ್ಲಿ ಇರಲೇ ಇಲ್ಲ.

"ಇಷ್ಟು ದೊಡ್ಡ ಮನೆಗೆ ಒಂದು ಕಡ್ಡಿದು ಸಾಲಾಕಿಲ್ಲ. ಎಲ್ಡು ಕಡ್ಡಿದು ತಕಂಡು ಇಲ್ಲಿ, ನಟ್ಟನಡುವೆ ಮಡಗಿ," ಎಂದು ಅಂಗಡಿಯವನು ತೊಟ್ಟಿಯ ಅಂಚಿಗೆ ಬೆರಳಿಟ್ಟ.

ಅಪ್ಪನ ಮುಖ ಕಪ್ಪಿಟ್ಟಿತು. ಆ ಬೆರಳನ್ನೇ ನೋಡುತ್ತ, "ಅಲ್ಲಿ ಗೋಡೆ ಅದೆ," ಎಂದರು.

"ಏಸು ದಪ್ಪ?"

"ಒಂಬತ್ತಿಂಚು. ನಾನೇ ನಿಂತು ಕಟ್ಸಿದ್ದು."

"ಅಷ್ಟೇಯಾ? ಬುಡಿ, ಅದನ್ನ ದಾಟ್ಕಂಡು ಓಯ್ತದೆ."

ಇನ್ನು ಒಂದು ಕಡ್ಡಿಯದೇ ಸಾಕು ಎನ್ನುತ್ತಾರೆ ಎಂದುಕೊಂಡೆ. ಅಪ್ಪ ಎರಡು ಕಡ್ಡಿಯದನ್ನೇ ಕಟ್ಟಿಸಿದರು. ಬಸ್ಸು ನಂಜನಗೂಡು ಬಿಟ್ಟು ನಾಲೆ ಕಾಣಿಸಿದ ಮೇಲೆ ಕೇಳಿದರು:

"ದಾಟ್ತದೆ ಅಂದ್ನಲ್ಲ, ಅದನ್ನ ತಡ್ಯಕ್ಕಾಗಕಿಲ್ವಾ?"

"ಪಾಸ್‌ವರ್ಡ್ ಅಂತ ಇರ್ತದೆ ಕಣಪ್ಪ. ಅದು ಗೊತ್ತಿಲ್ದೋರಿಗೆ ಸಿಗಲ್ಲ."

"ಅಂಗಾರೆ ಸರಿ. ಅದು ನನ್ ತಾವೇ ಇರ್ಲಿ ಕಣವ್ವ."

ಮನೆಗೆ ಬಂದು ರೂಟರ್ ಜೋಡಿಸಿ, ಎಂಟು ಅಂಕಿಯ ಪಾಸ್‌ವರ್ಡ್ ಹಾಕಿ, ಅಪ್ಪ ಹೇಳಿದಂತೆ ಅದನ್ನು ಖಾಲಿ ಡಬ್ಬದ ಮೇಲೆ ಬರೆದುಕೊಟ್ಟೆ. ಡಬ್ಬ ಅವರ ಹಾಸಿಗೆಯ ತಲೆದಿಸೆ ಸೇರಿತು. ಒತ್ತಿದವಳು ನಾನೇ, ಅಂಕಿಗಳು ನನಗೆ ಬಾಯಿಪಾಠ. ಮಾರನೆಯ ದಿನ ಹಿತ್ತಲಿನ ಬಾವಿಯ ಹತ್ತಿರ ತಂಗಿಗೆ ಹೇಳಲು ಹೋದೆ. ಬಾವಿ ಎರಡೂ ಮನೆಗೆ ಸೇರಿದ್ದು, ಗೋಡೆ ಅಲ್ಲಿಗೆ ಬಂದು ನಿಂತುಬಿಡುತ್ತದೆ.

"ದೊಡ್ಡಪ್ಪ ಅವ್ರಾಗವ್ರೇ ಕೊಟ್ರೆ ಇಸ್ಕತೀನಿ. ನೀನು ಕದ್ದು ಕೊಡೋದು ಬ್ಯಾಡ ಕಣಕ್ಕ," ಎಂದು ಕೊಡ ಎತ್ತಿಕೊಂಡು ಹೊರಟೇಬಿಟ್ಟಳು. ನನಗೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು. ಎಷ್ಟಾದರೂ ಇವಳೂ ಅದೇ ಮನೆಯವಳು.

ಎರಡು ದಿನ ನಂಜನಗೂಡಿಗೆ ಹೋಗಿ ಬರಿಗೈಯಲ್ಲಿ ಬಂದಳು. ಅಲ್ಲಿ ನೂಕುನುಗ್ಗಲು, ಇವಳ ಸರದಿ ಬರುವಷ್ಟರಲ್ಲಿ ಸರ್ವರ್ ಬಿಜಿ. ಕೊನೆಯ ದಿನವೂ ಬಂತು. ಬೆಳಿಗ್ಗೆ ಅಪ್ಪ ಬಾವಿಯ ಹತ್ತಿರ ಮುಖ ತೊಳೆಯುತ್ತಿದ್ದರು, ಆಚೆ ಬದಿಯಲ್ಲಿ ಚಿಕ್ಕಪ್ಪ ನೀರು ಸೇದುತ್ತಿದ್ದರು. ಒಗೆದ ಬಟ್ಟೆ ಹರವುತ್ತಿದ್ದ ನನಗೆ, ತಂಗಿ ಒಳಗಿನಿಂದ "ಬಸ್ಸಿಗೆ ಓಯ್ತೀನಿ ಕಣಪ್ಪಾ" ಎಂದು ಕೂಗಿದ್ದು ಕೇಳಿಸಿತು. ಅಪ್ಪ ಹೆಗಲ ಟವೆಲಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದರು. ತಿರುಗಿ ಬಂದಾಗ ಕೈಯಲ್ಲಿ ಡಬ್ಬವಿತ್ತು. ಬಾವಿಯ ಮುಂದೆ ನಿಂತು, ಒಳಗಿನ ನೀರನ್ನು ನೋಡುತ್ತ, "ಬರ್ಕೊ," ಎಂದರು.

ಚಿಕ್ಕಪ್ಪ ಹಿಂದೆಮುಂದೆ ನೋಡಿದರು. ಅಲ್ಲಿ ಇನ್ಯಾರೂ ಇರಲಿಲ್ಲ. ಹಗ್ಗ ಬಿಟ್ಟು, ನೆಲದಿಂದ ಒಂದು ಹೆಂಚಿನ ಚೂರು ಆರಿಸಿ, ಬಾವಿಕಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು.

"ನಾಕು," ಎಂದರು ಅಪ್ಪ, ಇಡೀ ಬೀದಿಗೆ ಕೇಳುವಂತೆ. "ಸೊನ್ನೆ. ಎಂಟು."

ಚಿಕ್ಕಪ್ಪ ಒಂದೊಂದನ್ನೂ ಕಲ್ಲಿನ ಮೇಲೆ ದಪ್ಪಗೆ ಗೀಚಿ, ಮುಂದಿನದಕ್ಕೆ ತಲೆಯೆತ್ತುತ್ತಿದ್ದರು. ಎಂಟನೆಯದು ಮುಗಿಯುವಷ್ಟರಲ್ಲಿ ತಂಗಿ ಫೈಲು ಹಿಡಿದುಕೊಂಡೇ ಹಿತ್ತಲಿಗೆ ಓಡಿ ಬಂದಳು. ಅಪ್ಪನನ್ನು ನೋಡಿದಳು, ಅಂಕಿಗಳನ್ನು ಅಂಗೈಯಲ್ಲಿ ಬರೆದುಕೊಂಡಳು, ಒಳಗೆ ಓಡಿದಳು.

ಆಮೇಲೆ ಇಬ್ಬರೂ ಏನು ಮಾಡಬೇಕೆಂದು ತಿಳಿಯದೆ ನಿಂತರು. ಅಪ್ಪ ಡಬ್ಬವನ್ನು ತಿರುವಿ ತಿರುವಿ ನೋಡಿದರು. ಚಿಕ್ಕಪ್ಪ ಹೆಂಚಿನ ಚೂರನ್ನು ಕೆಳಗೆ ಹಾಕುವುದನ್ನೂ ಮರೆತಿದ್ದರು. ನಾನು ಕಾಣದ ದೇವರಿಗೆಲ್ಲ ಕೈಮುಗಿದೆ. ಕೊನೆಗೆ ಗೋಡೆಯಾಚೆಯಿಂದ ತಂಗಿಯ ದನಿ ಬಂತು, ಏನೆಂದು ಅಪ್ಪನಿಗೆ ತಿಳಿಯಲಿಲ್ಲ.

"ಏನಂತೆ?" ಎಂದರು.

"ಬಂತಂತೆ ಕಣಣ್ಣ," ಎಂದರು ಚಿಕ್ಕಪ್ಪ.

ಹನ್ನೆರಡು ವರ್ಷದ ಮೇಲೆ ಆ ಬಾಯಿಂದ ಅಣ್ಣ ಎಂಬುದನ್ನು ಕೇಳಿ ನನಗೆ ಅಳು ತಡೆಯಲಾಗಲಿಲ್ಲ, ಒದ್ದೆ ಸೀರೆಯಲ್ಲೇ ಮುಖ ಮುಚ್ಚಿಕೊಂಡೆ. ಅಪ್ಪ ಮಾತ್ರ ತಮ್ಮನನ್ನು ಗದರಿದರು: "ನಿಂತ್ಕಂಡು ನನ್ ಮುಖ ಏನ್ ನೋಡ್ತೀಯ? ಬಿರ್‍ನೆ ತುಂಬಕ್ ಹೇಳ್ಲಾ, ಇವತ್ತೇ ಕೊನೆ ದಿನ."

ಕೊನೆಯ ದಿನದ ಮಾತನ್ನು ನಾನು ಅಪ್ಪನ ಮುಂದೆ ಒಮ್ಮೆಯೂ ಎತ್ತಿರಲಿಲ್ಲ.