ಮಾಣಿಕನ ಊಟದ ಲೆಕ್ಕ

ನನ್ನ ಸೋದರಮಾವ ಮನ್ಮಥಪ್ಪ ತಾಂಡೂರಿನ ಫುಟ್‌ಬಾಲ್ ಕ್ಲಬ್ಬಿಗೆ ಖಜಾಂಚಿಯಾದದ್ದು ಸಭೆಗೆ ಹೋಗದೆ ಇದ್ದದ್ದರಿಂದ. ಹೋಗಿದ್ದರೆ ಒಲ್ಲೆ ಎಂದು ಹೇಳಿ ಬರುತ್ತಿದ್ದ. ಅವತ್ತು ಅವನ ಅಡತಿ ಅಂಗಡಿಗೆ ತೊಗರಿಯ ಬಂಡಿಗಳು ಬಂದಿದ್ದವು. ಸಭೆಯಲ್ಲಿ ಇಲ್ಲದವನ ಹೆಸರು ಹೇಳಿದರೆ ಜಗಳವೇ ಇರುವುದಿಲ್ಲ ನೋಡಿ, ಎಲ್ಲರೂ ಕೈ ಎತ್ತಿದರು. ಆಮೇಲೆ ವರ್ಷಾ ವರ್ಷಾ ದಸರೆ ಬಂದಾಗ ಇವನು "ಇನ್ನರ ನನ್ನ ಬಿಡ್ರಿ" ಎಂದು ಕೈ ಮುಗಿಯುವುದು, ಅವರು "ಇದೊಂದು ವರ್ಷ ನೋಡ್ರಿ" ಎನ್ನುವುದು. ಆಟದ ಗಂಧ ಗಾಳಿ ಇಲ್ಲದ ಮನುಷ್ಯ. ಚೆಂಡು ಯಾವ ಕಡೆ ಹೋದರೆ ನಮಗೆ ಒಳ್ಳೆಯದು ಎಂದು ಗೋಲ್ ಕಾಯುವ ನನ್ನನ್ನೇ ಕೇಳುತ್ತಿದ್ದ.

ಆಡುವುದು ನಮ್ಮ ಕೆಲಸ, ಉಳಿದದ್ದೆಲ್ಲ ಅವನ ಪಾಲಿಗೆ. ಚಂದಾ ಕೇಳಲು ಅಂಗಡಿ ಅಂಗಡಿ ತಿರುಗಿ ಮಾತು ಕೇಳಿಸಿಕೊಳ್ಳುವವನು ಅವನು. ಆಗ ಲಡಾಯಿಯ ಕಾಲ, ಹೈದರಾಬಾದಿನಲ್ಲೂ ಚೆಂಡಿನ ಒಳಗಿನ ರಬ್ಬರು ಸಿಗದು. ಹಳೆಯದಕ್ಕೇ ಸೈಕಲ್ ಟ್ಯೂಬಿನ ತೇಪೆ ಹಾಕಿಸಿ, ಮೋಚಿಯ ಎದುರು ಕುಕ್ಕರುಗಾಲಲ್ಲಿ ಕೂತು ಹೊಲಿಗೆ ಮುಗಿಯುವ ತನಕ ಕಾಯುವವನೂ ಅವನೇ. ಮನೆಗೆ ಬಂದು ರುಮಾಲು ಬಿಚ್ಚಿ ಗೂಟಕ್ಕೆ ಹಾಕಿ, "ಸಾಕಾಗ್ಯಾದ" ಎನ್ನುತ್ತಿದ್ದ. ಅಮೃತಬಾಯಿ ಅತ್ತೆ, "ಸಾಕಾದವ್ರು ಬಿಡ್ತಾರ. ನಿಮಗ ಇನ್ನಾ ಸಾಕಾಗಿಲ್ಲ" ಎನ್ನುತ್ತಿದ್ದಳು.

ಆ ವರ್ಷ ತಾಲ್ಲೂಕು ಕ್ಲಬ್ಬುಗಳ ಸಂಘ, ಅಂಜುಮನ್, ಹೊಸ ಕಾಯ್ದೆ ತಂದಿತು. ಹಿಂದಿನ ವರ್ಷ ಒಬ್ಬ ಜಾಗೀರದಾರರು ಪಟ್ಟಣದಿಂದ ಅರ್ಧ ತಂಡವನ್ನೇ ರೊಕ್ಕ ಕೊಟ್ಟು ತಂದು, ಇವರು ನಮ್ಮ ಮನೆಯ ಅತಿಥಿಗಳು ಎಂದು ಹೇಳಿ ಎಲ್ಲರನ್ನೂ ಸೋಲಿಸಿದ್ದರು. ಅದಕ್ಕೆ ಈ ಸಲ ಕಟ್ಟುನಿಟ್ಟು: ಒಂದು ಹಂಗಾಮಿಗೆ ಕ್ಲಬ್ಬಿನ ಖರ್ಚು ನಿಜಾಮರ ಹಾಲಿ ಸಿಕ್ಕಾ ನಾಣ್ಯದಲ್ಲಿ ಇನ್ನೂರು ರೂಪಾಯಿ ದಾಟಬಾರದು, ದಾಟಿದರೆ ಪಂದ್ಯದಿಂದ ಹೊರಗೆ. ಆಟಗಾರನಿಗೆ ಕೊಟ್ಟ ಊಟವೂ ಖರ್ಚೇ. ಮನೆಯವರ ಸಂಗಡ ಪಂಕ್ತಿಯಲ್ಲಿ ಕೂತು ಉಂಡರೆ ಮಾತ್ರ ಅದು ಅತಿಥಿ ಸತ್ಕಾರ, ಲೆಕ್ಕಕ್ಕೆ ಬರುವುದಿಲ್ಲ. ಕಾಯ್ದೆ ಬರೆದವರು ಜಾಗೀರದಾರರನ್ನು ಹಿಡಿಯಲು ಬಲೆ ಹಾಕಿದ್ದರು. ಬಿದ್ದವರು ಬೇರೆ.

ನಮ್ಮಲ್ಲಿ ಮಾಣಿಕ ಎಂಬುವನಿದ್ದ. ಕರಣಕೋಟದ ಕಡೆಯ ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಒಡೆಯುವವನು, ಊರ ಹೊರಗಿನ ಕೇರಿಯವನು. ಅವನು ಇಲ್ಲದಿದ್ದರೆ ನಮ್ಮದು ತಂಡವಲ್ಲ, ಹನ್ನೊಂದನೆಯವನಿಗೆ ಕಾಯುತ್ತ ನಿಂತ ಹತ್ತು ಜನ. ಆಡಲು ಬಂದ ದಿನ ಅವನ ಕೂಲಿ ಹೋಗುತ್ತಿತ್ತು. ರೊಕ್ಕ ಕೊಟ್ಟರೆ ಕಾಯ್ದೆಗೆ ಅಡ್ಡ, ಕೊಡದಿದ್ದರೆ ಹೊಟ್ಟೆಗೆ ಅಡ್ಡ. ಮಾವ ತಾನೇ ದಾರಿ ತೆಗೆದ: ಆಟವಿದ್ದ ದಿನ ಮಾಣಿಕನ ಊಟ ನಮ್ಮ ಮನೆಯಲ್ಲಿ. ಮನೆಯಲ್ಲಿ ಎಂದರೆ ಹಿತ್ತಲಲ್ಲಿ. ದನದ ಕೊಟ್ಟಿಗೆಯ ಪಕ್ಕ ಒಂದು ಚಪ್ಪಡಿ ಕಲ್ಲು, ಅದರ ಮೇಲಿನ ಗೋಡೆಯ ಗೂಡಿನಲ್ಲಿ ಅವನ ಜರ್ಮನ್ ತಾಟು, ಹಗುರ ಅಲ್ಯೂಮಿನಿಯಮ್ಮಿನದು. ಅವನು ಓಣಿಯಿಂದಲೇ ಹಿತ್ತಲಿಗೆ ಬಂದು, ತಾಟು ತೆಗೆದುಕೊಂಡು ಕೂರುತ್ತಿದ್ದ. ಅತ್ತೆ ಮೇಲಿನಿಂದ ರೊಟ್ಟಿ, ಪಲ್ಯ ಹಾಕುವಳು, ನೀರು ಎತ್ತಿ ಹೊಯ್ಯುವಳು. ಉಂಡು, ತಾಟು ತೊಳೆದು, ಗೂಡಿನಲ್ಲಿಟ್ಟು ಹೋಗುವನು. ಅತ್ತೆ ಅವನಿಗೆ ಎಂದೂ ಕಡಿಮೆ ಮಾಡಿದವಳಲ್ಲ, ಒಂದು ರೊಟ್ಟಿ ಹೆಚ್ಚೇ ಹಾಕುತ್ತಿದ್ದಳು. ಅಷ್ಟಕ್ಕೇ ನಮಗೆಲ್ಲ ನಾವು ಬಹಳ ದೊಡ್ಡ ಮನಸ್ಸಿನವರು ಅನ್ನಿಸಿತ್ತು.

ಆ ಸಲ ಕ್ಲಬ್ಬು ಹುಟ್ಟಿದಾಗಿನಿಂದ ಮೊದಲ ಬಾರಿಗೆ ನಾವು ಫೈನಲ್‌ಗೆ ಬಂದೆವು. ಶುಕ್ರವಾರ ಜಹೀರಾಬಾದಿನ ತಂಡದ ಎದುರು ಆಟ. ಆ ವಾರದ ಮೊದಲಲ್ಲೇ ಅಂಜುಮನ್‌ನಿಂದ ಲೆಕ್ಕ ನೋಡಲು ಶಿವಶಂಕರಪ್ಪ ಎಂಬ ಹಿರಿಯರು ರೈಲಿಳಿದು ಬಂದರು. ಕಲಬುರ್ಗಿಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು, ನಮ್ಮ ಪೈಕಿಯೇ, ವಿಭೂತಿ ಧರಿಸಿದ ಶಾಂತ ಮನುಷ್ಯ. ಮಾವನ ಪಡಸಾಲೆಯಲ್ಲಿ ಕೂತು ಚೆಂಡು, ರೈಲು ಚಾರ್ಜು, ಗೋಲಿನ ಹಗ್ಗ, ಒಂದೊಂದೂ ನೋಡಿದರು. ಇನ್ನೂರಕ್ಕೆ ನಾಲ್ಕೈದು ರೂಪಾಯಿ ಕಡಿಮೆ ಇತ್ತು. ಕ್ಲಬ್ಬಿನ ಅಧ್ಯಕ್ಷ ವೈಜಿನಾಥ ಸಾಹುಕಾರರು ಮೀಸೆ ತಿರುವಿಕೊಂಡರು.

"ಎಲ್ಲಾ ಬರೋಬರಿ ಅದ" ಎಂದರು ಶಿವಶಂಕರಪ್ಪ. "ಒಂದೇ ಮಾತು. ಕಲ್ಲು ಒಡ್ಯಾಂವ ಒಬ್ಬ ಆಡ್ತಾನಲ್ಲ, ಆಟದ ದಿನ ಅವನ ಊಟ ಎಲ್ಲಿ?"

ವೈಜಿನಾಥರು ತಡಮಾಡಲಿಲ್ಲ. "ಇದೇ ಮನ್ಯಾಗ್ರಿ! ಮನ್ಮಥಪ್ಪನ ಸಂಗಾಟ ಪಂಕ್ತ್ಯಾಗ ಕೂತು ಉಣ್ತಾನ. ಅತಿಥಿ ಇದ್ದಂಗ."

ಹಿರಿಯರು ಮಾವನ ಕಡೆ ನೋಡಿದರು. ಮಾಣಿಕನ ಊಟ ಲೆಕ್ಕಕ್ಕೆ ಸೇರಿದರೆ ಇನ್ನೂರು ದಾಟುತ್ತದೆ, ಶುಕ್ರವಾರ ನಮ್ಮ ಕೈ ತಪ್ಪುತ್ತದೆ. ಬಾಗಿಲಲ್ಲಿ ನಿಂತ ನಮ್ಮ ತಂಡದವರೆಲ್ಲ ಮಾವನ ಬಾಯನ್ನೇ ನೋಡುತ್ತಿದ್ದೆವು.

"ಹೌದ್ರಿ" ಎಂದ ಮಾವ.

"ಛಲೋ ಆತು. ಇವತ್ತ ಆಟದ ತಾಲೀಮು ಅದ ಅಂದ್ರಿ, ಅವನೂ ಬರ್ತಾನ. ನನಗೂ ಹಸಿವ್ಯಾಗ್ಯಾದ. ಎಲ್ಲಾರೂ ಕೂಡೇ ಉಣ್ಣೋಣ."

ನಾನು ಒಳಗೆ ಹೋದೆ. ಅತ್ತೆಗೆ ಎಲ್ಲ ಕೇಳಿಸಿತ್ತು. ತಾಟುಗಳ ಮುಂದೆ ನಿಂತಿದ್ದಳು. ಮಾವ ಹಿಂದೆಯೇ ಬಂದ. "ಅವನಿಗಿ ಇಲ್ಲೇ ಹಾಕಲೇನ್ರಿ?" ಎಂದಳು ಅತ್ತೆ. ಮಾವ ತಲೆ ಎತ್ತದೆ "ಹಾಕು" ಎಂದ. ಅವಳು ಸಾಲಿನ ತುದಿಗೆ ಒಂದು ಮಣೆ ಇಟ್ಟು, ಉಳಿದವುಗಳಿಂದ ತುಸು ದೂರ ಸರಿಸಿ, ಮತ್ತೆ ಹತ್ತಿರ ತಂದಳು.

ನಾವು ಎಲ್ಲ ವಿಚಾರ ಮಾಡಿದೆವು, ಮಾಣಿಕನಿಗೆ ಹೇಳುವುದನ್ನು ಮಾತ್ರ ಮರೆತೆವು. ಅವನಿಗೂ ಒಂದು ಮಾತು ತಿಳಿಸಬೇಕು ಎಂಬುದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯುವ ಅಭ್ಯಾಸವೇ ಇರಲಿಲ್ಲ.

ಹಿರಿಯರು ಕೈ ತೊಳೆಯಲು ಹಿತ್ತಲ ಬಾಗಿಲಿಗೆ ಹೋದರು. ಅದೇ ಹೊತ್ತಿಗೆ ಮಾಣಿಕ ಓಣಿಯಿಂದ ಬಂದ. ಯಾರ ಕಡೆಯೂ ನೋಡದೆ ಗೂಡಿಗೆ ಕೈ ಹಾಕಿ ತಾಟು ತೆಗೆದ, ಪಂಚೆಯಿಂದ ಒರೆಸಿದ, ಕಲ್ಲಿನ ಮೇಲೆ ಕೂತ. ನಾನು ಓಡಿ ಹೋಗಿ "ಮಾಣಿಕ, ಒಳಗ ಬಾ" ಎಂದೆ.

"ಒಳಗ? ಯಾಕ್ರಿ, ದನ ಏನರ ಹಗ್ಗ ಹರಕೊಂಡಾವೇನು?"

ವೈಜಿನಾಥರು ಹಿಂದಿನಿಂದ ನಕ್ಕರು. "ನಾಚ್ತಾನ್ರಿ, ಪರಊರವ್ರು ಬಂದಾರಂತ."

ಶಿವಶಂಕರಪ್ಪ ಚೆಂಬು ಕೆಳಗಿಟ್ಟರು. "ತಮ್ಮಾ, ಆಟದ ದಿನಾ ನೀ ಎಲ್ಲಿ ಕೂತು ಉಣ್ತೀಪಾ?"

ಮಾಣಿಕ ದಡ್ಡನಲ್ಲ. ಬಾಗಿಲ ತುಂಬ ನಿಂತ ನಮ್ಮ ಮುಖ ನೋಡಿದ, ಏನೋ ನಡೆದಿದೆ ಎಂದು ತಿಳಿದ. ಫೈನಲ್ ಆಡುವ ಆಸೆ ನಮಗೆಲ್ಲರಿಗಿಂತ ಅವನಿಗೇ ಹೆಚ್ಚು. ನಾವು ಬಯಸಿದ ಸುಳ್ಳನ್ನು ಅವನು ಹೇಳಿಬಿಡುತ್ತಿದ್ದನೋ ಏನೋ, ಬಾಯಿ ತೆರೆದ. ಅಷ್ಟರಲ್ಲಿ ಮಾವ ಅಂಗಳಕ್ಕೆ ಇಳಿದ.

"ಅವನಿಗಿ ಕೇಳಬ್ಯಾಡ್ರಿ. ಅಲ್ಲೇ ಉಣ್ತಾನ, ಆ ಕಲ್ಲಿನ ಮ್ಯಾಗ. ತನ್ನ ತಾಟ ತಾನೇ ತೊಳೀತಾನ. ನಾ ಅಂದದ್ದು ಸುಳ್ಳದ. ಹಿಸಾಬಿನಾಗ ಬರ್ಕೋರಿ."

ಹಿರಿಯರು ಬರೆದುಕೊಂಡರು. ಬರೆಯುವಾಗ ಅವರ ಮುಖವೂ ಬಾಡಿತ್ತು. ಪಂಕ್ತಿ ಹಾಗೇ ಉಳಿಯಿತು, ಒಬ್ಬರೂ ಕೂರಲಿಲ್ಲ. ಮಾಣಿಕ ಖಾಲಿ ತಾಟನ್ನು ಗೂಡಿನಲ್ಲಿಟ್ಟು ಬಂದ ದಾರಿಯಲ್ಲೇ ಹೋದ. ವೈಜಿನಾಥರು ಮಾವನಿಗೆ ಅಂದ ಮಾತುಗಳನ್ನು ನಾನು ಬರೆಯುವುದಿಲ್ಲ. ಮಾವ ಚಂದಾ ಪೆಟ್ಟಿಗೆಯ ಕೀಲಿಯನ್ನು ಉದ್ದನೆಯ ದಾರದಲ್ಲಿ ಕೊರಳಿಗೆ ಹಾಕಿಕೊಂಡಿದ್ದ, ತೆಗೆದು ಅವರ ಕೈಯಲ್ಲಿಟ್ಟ. ಅಷ್ಟು ವರ್ಷ ಬೇಡಿದ ಬಿಡುಗಡೆ ಹೀಗೆ ಸಿಕ್ಕಿತು.

ಶುಕ್ರವಾರ ಜಹೀರಾಬಾದಿನವರ ಎದುರು ನಮ್ಮ ಬದಲು ನಾರಾಯಣಖೇಡದವರು ಆಡಿದರು. ಅವತ್ತು ಬೆಳಿಗ್ಗೆ ಅತ್ತೆ ಜರ್ಮನ್ ತಾಟನ್ನು ಗೂಡಿನಿಂದ ತೆಗೆದು, ಹುಣಸೆ ಹಚ್ಚಿ ತಿಕ್ಕಿ, ಅಡುಗೆಮನೆಯಲ್ಲಿ ನಮ್ಮ ತಾಟುಗಳ ಸಾಲಿಗೆ ಇಟ್ಟಳು. ಮಾವ ಅದನ್ನು ನೋಡಿದ, ರುಮಾಲು ಸುತ್ತಿಕೊಂಡ, "ನಡಿ" ಎಂದ. ಇಬ್ಬರೂ ಕರಣಕೋಟದ ತನಕ ಬಿಸಿಲಲ್ಲಿ ನಡೆದೆವು.

ಮಾಣಿಕ ಗಣಿಯೊಳಗೆ ಉಳಿ ಹಿಡಿದು ಕೂತಿದ್ದ. ನಮ್ಮನ್ನು ಕಂಡು ಎದ್ದು ನಿಂತ.

"ಮನಿಗಿ ಊಟಕ್ಕ ಬಾ. ಒಳಗ ಕೂತು ಉಣ್ಣೂಣು" ಎಂದ ಮಾವ. ಆ ಮಾತು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತು ಎಂದು ನನಗೆ ಗೊತ್ತು.

ಮಾಣಿಕ ಉಳಿ ಕೆಳಗಿಟ್ಟ. "ಸಿಟ್ಟಿಲ್ರಿ ನನಗ. ಒಂದೇ ಕೇಳ್ತೀನಿ. ಈಗ ಕಾಯ್ದಾ ಕರೀತದೋ, ನೀವು ಕರೀತೀರೋ?"

ಮಾವ ಒಂದು ಕಲ್ಲಿನ ಮೇಲೆ ಕೂತು ಬೆವರು ಒರೆಸಿಕೊಂಡ. ಮಾಣಿಕ ನೆರಳಿನಲ್ಲಿದ್ದ ತನ್ನ ಮಣ್ಣಿನ ಗಡಿಗೆಯ ಮುಚ್ಚಳ ತೆಗೆದು, "ಬಿಸಲಾಗ ಬಂದೀರಿ. ನೀರು ಕುಡೀತೀರೇನು?" ಎಂದ.

ಗಡಿಗೆ ಕೈಗೆ ಎಟಕುವಷ್ಟು ಹತ್ತಿರವಿತ್ತು. ಮಾವ ಅದನ್ನೇ ನೋಡಿದ. ಕೈ ಮೊಣಕಾಲಿನಿಂದ ಮೇಲೆ ಎದ್ದಿತು, ಮತ್ತೆ ಅಲ್ಲೇ ಕೂತಿತು. "ಬ್ಯಾಡಪಾ. ಈಗಷ್ಟ ಕುಡದೀವಿ" ಎಂದ. ಊರು ಬಿಟ್ಟಾಗಿನಿಂದ ಇಬ್ಬರೂ ಒಂದು ಹನಿ ಮುಟ್ಟಿರಲಿಲ್ಲ. ನಾನೂ ಕೈ ಚಾಚಲಿಲ್ಲ.

ಮಾಣಿಕ ಗಡಿಗೆ ಮುಚ್ಚಿ ಉಳಿ ಎತ್ತಿಕೊಂಡ.

ಮನೆಗೆ ಬಂದಾಗ ಅತ್ತೆ ಮೂರು ಮಣೆ ಹಾಕಿ ಕಾಯುತ್ತಿದ್ದಳು. "ಬರ್ತಾನಂತೇನ್ರಿ?" ಎಂದಳು. ಮಾವ ಹಂಡೆಯ ಹತ್ತಿರ ಹೋಗಿ, ನಿಂತುಕೊಂಡೇ ಎರಡು ಚೆಂಬು ನೀರು ಕುಡಿದ.