ಬಿಸಿಲಿಗೆ ಬೆನ್ನು ಹಾಕಿದ ಗೋಡೆ

ಪಕ್ಕದ ಮನೆಯ ಡಾಕ್ಟರ್ ಆಂಟಿಯ ಎಡಗೈ ನಡುಬೆರಳಿನ ತುದಿ ಚಪ್ಪಟೆಯಾಗಿತ್ತು. ಮೊದಲು ಹುಬ್ಬಳ್ಳಿಯಲ್ಲಿ, ಆಮೇಲೆ ಇಲ್ಲಿ ನಾರ್ತ್ ಕೆರೊಲಿನಾದಲ್ಲಿ, ರೋಗಿಗಳ ಎದೆಯ ಮೇಲೆ ಆ ಬೆರಳಿಟ್ಟು ಇನ್ನೊಂದು ಬೆರಳಿನಿಂದ ಟಕ್ ಟಕ್ ಎಂದು ಬಡಿದೂ ಬಡಿದೂ ಹಾಗಾಯಿತೆಂದು ಅವರೇ ಹೇಳುತ್ತಿದ್ದರು. ನಿವೃತ್ತರಾದ ಮೇಲೆ ಕಲ್ಲಂಗಡಿ ಹಣ್ಣನ್ನು ಬಡಿಯುತ್ತಿದ್ದರು, ನಮ್ಮ ಮನೆಯ ಹೊಸ ಫ್ರಿಜ್ಜನ್ನೂ ಒಮ್ಮೆ ಬಡಿದು ನೋಡಿದ್ದರು.

ನಮ್ಮದು ರಿಸರ್ಚ್ ಟ್ರಯಾಂಗಲ್ ಪಾರ್ಕ್ ಎಂಬ ಕಂಪನಿಗಳ ಬೀಡಿನ ಸುತ್ತ ಎದ್ದ ಬಡಾವಣೆ. ಒಬ್ಬರ ಮನೆಯ ಸೀನು ಪಕ್ಕದ ಮನೆಗೆ ಕೇಳುವಷ್ಟು ಹತ್ತಿರ. ಕೋವಿಡ್ ಬಂದ ವರ್ಷ ಆಂಟಿಯ ಗಂಡ, ನಮ್ಮ ಅಂಕಲ್, ತೀರಿಕೊಂಡರು. ಆಂಟಿ ಮೇಲಿನ ಕೋಣೆಯ ಮಬ್ಬು ಹಿಡಿದಿದ್ದ ಹಳೆಯ ಕಿಟಕಿ ಕಿತ್ತೆಸೆದು, ಸೆಕೆ ಒಳಗೆ ಬಿಡದ ಜೋಡಿ ಗಾಜಿನ ದೊಡ್ಡ ಕಿಟಕಿ ಹಾಕಿಸಿದರು. ಅದರ ಪಕ್ಕ ಕುರ್ಚಿ. ಯಾರೂ ಯಾರ ಮನೆಗೂ ಹೋಗದ ಆ ದಿನಗಳಲ್ಲಿ ಅವರ ಊರು, ಕೇರಿ, ಬಳಗ ಎಲ್ಲ ಆ ಕಿಟಕಿಯೇ. ನಾನು ಹಿತ್ತಲಿಗೆ ಕಾಲಿಟ್ಟರೆ ಸಾಕು, ಮೇಲಿನಿಂದ ದನಿ: “ಏನ್ ತಮ್ಮಾ, ಇವತ್ತ್ ಏನ್ ಅಡಗಿ?”

ಮುಂದಿನ ಬೇಸಿಗೆಯಲ್ಲಿ ಆಂಟಿಯ ಮನೆಯ ಕಡೆಗಿರುವ ನಮ್ಮ ಪಕ್ಕದ ಗೋಡೆಗೆ ಏನೋ ಆಯಿತು. ಇಲ್ಲಿನ ಮನೆಗಳ ಮರದ ಗೋಡೆಗೆ ಹೊರಗಿನಿಂದ ವಿನೈಲ್ ಹಲಗೆ ಹೊದಿಸಿರುತ್ತಾರೆ, ಸೈಡಿಂಗ್ ಅಂತ. ಅದು ಒಂದು ಕಡೆ, ಸೊಂಟದೆತ್ತರದಲ್ಲಿ, ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಸೊಟ್ಟಗಾಗಿ ಎದ್ದಿತ್ತು. ಚಿಂತೆ ನನ್ನ ಕುಲಕಸುಬು. ಗೋಡೆಯೊಳಗೆ ವೈರು ಸುಡುತ್ತಿದೆ, ನಾವೆಲ್ಲ ಮಲಗಿದ್ದಾಗಲೇ ಬೂದಿಯಾಗುತ್ತೇವೆ ಎಂದು ತೀರ್ಮಾನಿಸಿದೆ. ಎಲೆಕ್ಟ್ರಿಷಿಯನ್ ಬಂದು ಏನೂ ಇಲ್ಲ ಎಂದ. ಹಾಗಾದರೆ ಕಾರಣ ಒಲೆಯೇ! ಮನೆಯೊಳಗೆ ವಾಸನೆ ಕೂರಬಾರದೆಂದು ನಮ್ಮವರೆಲ್ಲ ಮಾಡುವಂತೆ ನಾವೂ ಹಿಂಬದಿಯ ಮರದ ಜಗಲಿ, ಅಂದರೆ ಡೆಕ್ಕಿನ ಮೇಲೆ ಗ್ಯಾಸ್ ಒಲೆ ಇಟ್ಟು ಬಜ್ಜಿ ಕರಿಯುತ್ತಿದ್ದೆವು. ಅವತ್ತೇ ಬಜ್ಜಿ ಬಂದ್ ಮಾಡಿಸಿದೆ. ಹೆಂಡತಿ ಬಾಣಲೆಯನ್ನು ಗರಾಜಿನಲ್ಲಿ ಎತ್ತಿಟ್ಟ ಸದ್ದು ಇಡೀ ಬೀದಿಗೆ ಕೇಳಿಸಿತು.

ಭಾನುವಾರದ ಬಜ್ಜಿ ಬಾರದೆ ಹೋದಾಗ ಆಂಟಿಯೇ ಇಳಿದು ಬಂದರು. ಗೋಡೆ ಬಡಿದರು. ರೋಗಿಯನ್ನು ಕೇಳುವ ಹಾಗೆಯೇ ನನ್ನನ್ನು ಕೇಳಿದರು.

“ಒಲಿ ಎಲ್ಲಿತ್ತು?”

“ಹಿಂದೆ, ಡೆಕ್ ಮೇಲೆ.”

“ಗಾಯ ಎಲ್ಲೈತಿ?”

“ಪಕ್ಕದಲ್ಲಿ.”

“ಬಜ್ಜಿ ನಿಲ್ಲಿಸಿದ ಮ್ಯಾಲೆ ಕಡಿಮಿ ಆತೇನು?”

“ಇಲ್ಲ ಆಂಟಿ, ಜಾಸ್ತಿಯಾಗಿದೆ.”

“ಮತ್ತ ಆ ಹುಡುಗಿ ಬಾಣಲಿ ಯಾಕ ಕಸಗೊಂಡಿ, ಶಾಣ್ಯಾ?”

ಒಳಗಿನಿಂದ ಹೆಂಡತಿ ನಕ್ಕಳು.

“ಕೂತು ನೋಡಬೇಕು. ಜ್ವರ ಯಾವ ಹೊತ್ತಿಗೆ ಏರತೈತಿ ಅಂತ ತಿಳಿದ್ರ ಅರ್ಧಾ ಕೆಲಸ ಮುಗೀತು” ಎಂದು ಕುರ್ಚಿ ತರಿಸಿ, ಕೊಡೆ ಹಿಡಿದು, ಎರಡು ಮನೆಗಳ ನಡುವಿನ ಹುಲ್ಲಿನ ಮೇಲೆ ಕೂತೇಬಿಟ್ಟರು. ಮಧ್ಯಾಹ್ನ ಇಳಿಯಿತು. ಸೂರ್ಯ ನಮ್ಮ ಮನೆಯ ಆಚೆಗೆ ಹೋದ. ಆ ಗೋಡೆ ಪೂರ್ತಿ ನೆರಳಿಗೆ ಬಂತು. ಆ ನೆರಳಿನ ನಡುವೆ, ಸೊಟ್ಟಗಾದ ಜಾಗದ ಮೇಲೇ, ಬೆಳಕಿನ ಒಂದು ತೇಪೆ ಹೊಳೆಯುತ್ತಿತ್ತು. ಮುಟ್ಟಿದೆ, ಕೈ ಚುರ್ರೆಂದಿತು.

ಆಂಟಿ ಮೆಲ್ಲಗೆ ತಲೆಯೆತ್ತಿ ತಮ್ಮ ಕಿಟಕಿ ನೋಡಿದರು. ಎದ್ದು ತಮ್ಮ ಮನೆಯೊಳಗೆ ಹೋದರು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಒಂದು ಸೀರೆ ಗಾಜಿನ ಮೇಲೆ ಇಳಿಬಿತ್ತು.

“ಹೋಯ್ತು ಆಂಟಿ!” ಎಂದು ಕೂಗಿದೆ.

ಸೀರೆ ಮೇಲಕ್ಕೆ ಹೋಯಿತು. “ಬಂತು!”

ಇನ್ನೊಮ್ಮೆ ಇಳಿಸಿ, ಎತ್ತಿ, ಖಾತ್ರಿ ಮಾಡಿಕೊಂಡರು. ಆಮೇಲೆ ಕಿಟಕಿಯಲ್ಲಿ ಅವರ ಮುಖ ಕಾಣಿಸಿತು. “ರೋಗ ನನ್ನ ಮನ್ಯಾಗ ಐತಿ, ತಮ್ಮಾ.”

ಸೆಕೆಯನ್ನು ಒಳಗೆ ಬಿಡದ ಗಾಜು ಅದನ್ನೆಲ್ಲ ನಮ್ಮ ಗೋಡೆಗೆ ಎರಚುತ್ತಿತ್ತು. ಪರಿಹಾರವೂ ಸುಲಭ: ಗಾಜಿಗೆ ಹೊರಗಿನಿಂದ ದಟ್ಟವಾದ ಕಪ್ಪು ಜಾಲರಿ. ಬೇಡ ಆಂಟಿ, ಆ ಜಾಗಕ್ಕೊಂದು ಗಿಡ ನೆಡ್ತೀನಿ, ಹಲಗೆ ಹೋದರೆ ಹೋಗಲಿ, ನಿಮ್ಮ ಕಿಟಕಿ ಮುಚ್ಚಬೇಡಿ ಎಂದು ಬೇಡಿಕೊಂಡೆ. “ನೀ ರಾತ್ರಿ ನಿದ್ದಿ ಮಾಡಾಂವ ಅಲ್ಲ. ನಿನ್ನ ಬಿ.ಪಿ. ನೋಡ್ಕೋತ ನಾ ಕೂಡ್ಲೇನು?” ಎಂದರು. ಆ ವಾರವೇ ಜಾಲರಿ ಬಂತು.

ಅಲ್ಲಿಂದ ಮುಂದೆ ಹಿತ್ತಲಿನಲ್ಲಿ ನಿಂತು ನೋಡಿದರೆ ಬರೀ ಕಪ್ಪು ಚೌಕ. ಅವರಿದ್ದಾರೋ ಇಲ್ಲವೋ ತಿಳಿಯುತ್ತಿರಲಿಲ್ಲ. “ಆಂಟಿ, ಇದ್ದೀರಾ?” ಎಂದು ಕೂಗುತ್ತಿದ್ದೆ. “ಅದೀನಪಾ, ಎಲ್ಲಿ ಹೋಗ್ಲಿ?” ಒಳಗಿನಿಂದ ನಾನು ಹೇಗೆ ಕಾಣುತ್ತೇನೆ ಎಂದು ಒಮ್ಮೆ ಕೇಳಿದ್ದೆ. “ಮಬ್ಬು ಮಬ್ಬು. ಹೊಟ್ಟಿ ಮಾತ್ರ ಛಲೋ ಕಾಣತೈತಿ” ಎಂದಿದ್ದರು. ಹೊಸ ಹಲಗೆ ಹಾಕಿಸಿದ ನಮ್ಮ ಗೋಡೆ ಗುಂಡುಕಲ್ಲಿನಂತಿತ್ತು. ನಾನು ನಿದ್ದೆ ಮಾಡಿದೆ. ಅವರು ತಮ್ಮ ಕೊನೆಯ ಬೇಸಿಗೆಗಳನ್ನೆಲ್ಲ ಆ ಮಬ್ಬಿನಲ್ಲೇ ಕೂತು ಕಳೆದರು.

ಹೋದ ಚಳಿಗಾಲ ಆಸ್ಪತ್ರೆಗೆ ಹೋದವರು ಮರಳಲಿಲ್ಲ. ವಸಂತದಲ್ಲಿ ರಾಕ್‌ವಿಲ್‌ನಿಂದ ಅವರ ಮಗಳು ಮನೆ ಮಾರಲು ಬಂದಳು. “ಅಂಕಲ್, ಕೋಣೆ ಕತ್ತಲೆ ಕಾಣತ್ತೆ ಅಂತಾರೆ ಏಜೆಂಟ್. ಆದ್ರೆ ನಿಮ್ಮನ್ನ ಕೇಳದೆ ಜಾಲರಿ ತೆಗೀಬಾರ್ದು ಅಂತ ಅಮ್ಮ ಹೇಳಿದ್ರು.”

“ತೆಗೆಸಮ್ಮ” ಎಂದೆ.

ಹೆಂಡತಿ ಗಾಬರಿಯಿಂದ ನೋಡಿದಳು. “ರೀ, ಗೋಡೆ?”

“ಹೋದರೆ ಹೋಗಲಿ.”

ಜಾಲರಿ ಇಳಿಯಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ನೆರಳಿನ ಗೋಡೆಯ ಮೇಲೆ ಬೆಳಕು ಬಂದು ಕೂತಿತು. ನಾನು ಹಿತ್ತಲಿಗೆ ಹೋಗಿ, ಕುತ್ತಿಗೆ ನೋಯುವವರೆಗೂ ಆ ಬರಿಯ ಗಾಜನ್ನು ನೋಡುತ್ತ ನಿಂತೆ.